ಮಗ್ಗದ ಸದ್ದಿನ ಹಿಂದಿನ ಮಾತು

ಆ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಚಾಳಿನ ಅಂಗಳಕ್ಕೆ ಕಾಲಿಟ್ಟ ದಿನ, ನನ್ನನ್ನು ನೋಡಿ ಮೊದಲು ಎದ್ದು ಒಳಗೆ ಹೋದವಳು ನನ್ನ ಚಿಗವ್ವನೇ. ಬೀಡಿ ಕಟ್ಟುತ್ತಾ ಬಾಗಿಲಲ್ಲಿ ಕುಳಿತಿದ್ದಳು. ನನ್ನ ಮುಖಕ್ಕಿಂತ ಮೊದಲು ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿ ಅವಳ ಕಣ್ಣಿಗೆ ಬಿತ್ತು. ಎಲೆ ತಂಬಾಕು ತುಂಬಿದ ಮೊರವನ್ನು ಎತ್ತಿಕೊಂಡು ಒಳಗೆ ನಡೆದಳು. ಕಾಲೇಜು ಓದುವಾಗ ನಾನು ಅದೇ ಖೋಲಿಯಲ್ಲಿ, ಅದೇ ಬಾಗಿಲ ಹಿಂದೆ ಹಾಸಿಗೆ ಹಾಸಿಕೊಂಡು ಮಲಗಿದವಳು; ಈಗ ಆ ಮೂಲೆ ಅವಳ ಮಗ ಸೊಸೆಯದು. ರಜೆಗೆ ಊರಿಗೆ ಹೊರಟರೆ ಶೇಂಗಾ ಚಟ್ನಿಯ ಡಬ್ಬಿ ಕೈಗಿಟ್ಟು ಬಸ್ ಸ್ಟ್ಯಾಂಡಿನ ತನಕ ಬರುತ್ತಿದ್ದ ಚಿಗವ್ವ ಅವಳು.

ಬೆನ್ನ ಹಿಂದೆಯೇ ಒಳಗೆ ಹೋದೆ. ನೀರು ಕೊಟ್ಟಳು, ಮಾತು ಕೊಡಲಿಲ್ಲ. ಕೊನೆಗೆ ಚೀಟಿಯನ್ನು ಬೆರಳಿಂದ ಎತ್ತಿ ನೋಡಿ ಕೇಳಿದಳು:

"ಇದರಾಗ ಏನಂತ ಬರದೈತಿ?"

ಹೇಳಿದೆ. ನಗರಪಾಲಿಕೆ ಊರಿನ ಹಳೆಯ ಭಾಗಗಳನ್ನು ಸುಧಾರಿಸುತ್ತದಂತೆ. ಆಫೀಸಿನಲ್ಲಿ ಕುಳಿತು ನಕಾಶೆ ಬರೆಯುವ ಬದಲು ಅಲ್ಲಿರುವ ಜನರನ್ನೇ ಕೇಳಿ ಮಾಡಬೇಕಂತೆ. ಅದಕ್ಕೆ ಮೊಬೈಲಿನಲ್ಲಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಯಾವುದು ಉಳಿಯಬೇಕು, ಯಾವುದು ಹೋಗಬೇಕು, ಹೊಸದಾಗಿ ಏನು ಬರಬೇಕು ಅಂತ ಚಾಳಿನವರು ತಾವೇ ಅದರಲ್ಲಿ ತೋರಿಸಬಹುದು.

ಚಿಗವ್ವ ಕುರನೂರಿನ ಕುರಿ ಸಾಕುವ ಮನೆತನದವಳು. ಬಿರೋಬಾ ದೇವರ ಅರಿಶಿನದ ಭಂಡಾರ ಹಣೆಗೆ ಇಲ್ಲದೆ ಒಂದು ದಿನ ಕಂಡವಳಲ್ಲ. ಅವಳ ಬಾಯಿಂದ ಬಂದದ್ದೂ ಕುರಿಯ ಮಾತೇ. "ಕುರಿ ಕೇಳಿ ಯಾರರೆ ಮಸಾಲಿ ಅರೀತಾರೇನವ್ವಾ? ಇವರು ಹೊಸಾ ನಮೂನಿ ಮಂದಿ ಕಾಣ್ತಾರ. ಅರ್ಯಾಕ ತಾವು ಕುಂತಾರ, ಕೇಳಾಕ ನಿನ್ನ ಕಳಿಸ್ಯಾರ."

ಸೋಲಾಪುರದ ಗಿರಣಿಗಳು ಮುಚ್ಚಿ ಒಂದು ತಲೆಮಾರು ಕಳೆದಿದೆ. ಚಿಗವ್ವನ ಗಂಡ ದುಡಿಯುತ್ತಿದ್ದ ಗಿರಣಿಯ ಚಿಮಣಿಯೂ ಈಗಿಲ್ಲ. ಆದರೆ ಕೆಲಸಗಾರರಿಗೆಂದು ಕಟ್ಟಿದ ಚಾಳು ಉಳಿದಿದೆ. ಎದುರುಬದುರು ಸಾಲು ಖೋಲಿಗಳು, ನಡುವೆ ಬೇವಿನ ಮರದ ಅಂಗಳ, ಮೂಲೆಯಲ್ಲಿ ಮೈಲಾರಲಿಂಗನ ಸಣ್ಣ ಗುಡಿ, ಅಂಗಳದ ಆಚೆ ತುದಿಗೆ ಎಲ್ಲರಿಗೂ ಸೇರಿ ಒಂದು ಸಾಲು ಸಂಡಾಸ. ಕನ್ನಡ, ಮರಾಠಿ, ತೆಲುಗು ಮಾತಾಡುವ ಮನೆಗಳು ಗೋಡೆಗೆ ಗೋಡೆ ಹಚ್ಚಿ ಬದುಕುತ್ತವೆ. ಜಾಗ ಯಾರದು ಅನ್ನುವ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಂಥ ಕಡೆ ಯಾರಾದರೂ ಬಂದು "ನಿಮಗೇನು ಬೇಕು?" ಅಂದರೆ, ಜನ ಅದನ್ನು "ನೀವು ಯಾವಾಗ ಖಾಲಿ ಮಾಡ್ತೀರಿ?" ಅಂತಲೇ ಕೇಳಿಸಿಕೊಳ್ಳುತ್ತಾರೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಪುಣೆಯ ಒಂದು ಸಣ್ಣ ಕಂಪನಿ; ಸೋಲಾಪುರದಲ್ಲಿ ಅದರದೊಂದು ಆಫೀಸು ಇತ್ತು. ತಂಡದ ಮುಖ್ಯಸ್ಥರನ್ನು ನಾವೆಲ್ಲ ಸರ್ ಅನ್ನುತ್ತಿದ್ದೆವು. ಮರಾಠಿಯವರು, ಒಳ್ಳೆಯ ಮನುಷ್ಯ, ಒಳ್ಳೆಯದನ್ನು ಬೇಗ ಬೇಗ ನಂಬುವವರು. ನನಗೆ ಎರಡೂ ಭಾಷೆ ಬರುತ್ತಿತ್ತು. ಮೈಂದರ್ಗಿಯ ಕನ್ನಡ ಸಾಲೆಯಲ್ಲಿ ಅಕ್ಷರ ಕಲಿತವಳು, ಆಮೇಲಿನದೆಲ್ಲ ಮರಾಠಿಯಲ್ಲಿ. ಆ್ಯಪಿನ ಪ್ರತಿ ಪರದೆಯ ಮೇಲೆ ಯಾವ ಪ್ರಶ್ನೆ ಬರಬೇಕು, ಯಾವ ಮಾತಿನಲ್ಲಿ ಬರಬೇಕು ಎಂದು ಗೊತ್ತುಮಾಡುವುದು ನನ್ನ ಕೆಲಸ.

ಮೊದಲ ಪರದೆಯಲ್ಲಿ ಚಾಳಿನ ನಕಾಶೆ ಇತ್ತು. "ನಿಮ್ಮ ಮನೆ ಎಲ್ಲಿದೆ? ಅಲ್ಲಿ ಬೆರಳಿಡಿ" ಅಂತ ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದೆ. ಬೆರಳಿಟ್ಟ ಕಡೆ ಕೆಂಪು ಚುಕ್ಕೆ ಮೂಡುತ್ತಿತ್ತು. ಕೆಲವು ದಿನಗಳಲ್ಲಿ ಚುಕ್ಕೆಗಳು ಬಂದವು. ಗುಡಿಯ ಮೇಲೆ ಒಂದು ಗುಂಪು. ಬೇವಿನ ಮರದ ಮೇಲೆ ಒಂದು ಗುಂಪು. ಲೈಟಿನ ಕಂಬದ ಮೇಲೆ ಕೆಲವು. ಖೋಲಿಗಳ ಮೇಲೆ ಬಿದ್ದದ್ದು ಒಂದೇ ಒಂದು ಚುಕ್ಕೆ, ಅದೂ ಆ ಖೋಲಿಯವನ ಜೊತೆಗಿನ ಜಗಳದ ಸಿಟ್ಟಿಗೆ ಪಕ್ಕದ ಮನೆಯವನು ಇಟ್ಟದ್ದು ಅಂತ ಆಮೇಲೆ ತಿಳಿಯಿತು.

ಸರ್ ಪರದೆ ನೋಡಿ ಖುಷಿಪಟ್ಟರು. "ಜನರಿಗೆ ಗುಡಿಯ ಜೀರ್ಣೋದ್ಧಾರ ಬೇಕಾಗಿದೆ" ಅಂದರು.

"ಇಲ್ಲ ಸರ್, ಜನರಿಗೆ ತಮ್ಮ ಮನೆ ತೋರಿಸೋದು ಬೇಕಾಗಿಲ್ಲ" ಅಂದೆ. ಅವರು ನಕ್ಕರು.

ಕನ್ನಡದ ಪರದೆಯದು ಇನ್ನೊಂದು ಕತೆ. ನಾನು ಅಚ್ಚುಕಟ್ಟಾಗಿ ಬರೆದ ಕನ್ನಡವನ್ನು ಚಿಗವ್ವನ ಪಕ್ಕದ ಮನೆಯ ಹುಡುಗಿಗೆ ತೋರಿಸಿದೆ. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಆಡದ ಹುಡುಗಿ. ಪರದೆಯನ್ನು ತಿರುವಿ ಮುರುವಿ ನೋಡಿ "ಅಕ್ಕಾ, ಇದು ತೆಲುಗೇನ್ರಿ?" ಅಂದಳು. ಅವರ ನಾಲಿಗೆಗೆ ಕನ್ನಡ, ಕಣ್ಣಿಗೆ ಮರಾಠಿ. ಕನ್ನಡ ಓದಲು ಬರುವವಳು ಆ ಅಂಗಳದಲ್ಲಿ ಬಹುಶಃ ನಾನೊಬ್ಬಳೇ ಅಂತ ಆಗ ಅನ್ನಿಸಿತು. ಹೋಗಲಿ, ಮರಾಠಿಯಲ್ಲೇ ಕೇಳೋಣ ಅಂದರೆ, ಮನಸ್ಸಿನ ಮಾತನ್ನು ಮರಾಠಿಯಲ್ಲಿ ಟೈಪು ಮಾಡುವಷ್ಟು ಓದಿದವರು ಹೆಂಗಸರಲ್ಲಿ ಕಡಿಮೆ. ಆಗ ನನಗೆ ಹೊಳೆದದ್ದು ಒಂದು ದೊಡ್ಡ ದುಂಡನೆಯ ಗುಂಡಿ. ಒತ್ತಿ ಹಿಡಿದು ಮಾತಾಡಿದರೆ ಆಯಿತು, ದನಿ ನಮಗೆ ಬಂದು ತಲುಪುತ್ತದೆ. ಹೆಸರು ಬೇಡ, ಮನೆ ತೋರಿಸುವುದು ಬೇಡ.

ಅದನ್ನು ಮೊದಲು ಅಕ್ಕಲಕೋಟೆಯ ನಮ್ಮ ಮನೆಯಲ್ಲೇ ಪರೀಕ್ಷೆ ಮಾಡಿದೆ. ದಿನವೂ ಅಲ್ಲಿಂದಲೇ ಎಸ್‌ಟಿ ಬಸ್ಸು ಹಿಡಿದು ಸೋಲಾಪುರಕ್ಕೆ ಬಂದು ಹೋಗುತ್ತಿದ್ದೆ. ಅಪ್ಪನದು ಗುಡಿಗೆ ಹೋಗುವ ದಾರಿಯಲ್ಲಿ ತೆಂಗಿನಕಾಯಿ ಊದುಬತ್ತಿಯ ಅಂಗಡಿ. ಫೋನು ಕೈಗೆ ಕೊಟ್ಟು, ನಮ್ಮ ಓಣಿಗೆ ಏನು ಬೇಕು ಹೇಳಪ್ಪಾ ಅಂದೆ. ಅಪ್ಪ ಗುಂಡಿ ಒತ್ತಿ ಹಿಡಿದು, ನನ್ನ ಮುಖ ನೋಡುತ್ತಾ ಹೇಳಿದ: "ಏನೂ ಬ್ಯಾಡ. ಕೇಳೋರು ಬಂದ ಹಿಂದ ಜಾಗಾ ಅಳತಿ ಮಾಡೋರು ಬರ್ತಾರ." ನಾನು ನಕ್ಕು ಫೋನು ಕಸಿದುಕೊಂಡೆ. ಆದರೆ ಆಮೇಲೆ ಒಬ್ಬಳೇ ಕುಳಿತು, ನಾನೇ ಮಾಡಿದ ನಕಾಶೆಯ ಪರದೆಯನ್ನು ಅಕ್ಕಲಕೋಟೆಯ ಮೇಲೆ ತಂದು ನಮ್ಮ ಮನೆಯ ಮಾಡನ್ನು ಹುಡುಕಿದೆ. ಸಿಕ್ಕಿತು. ಬೆರಳು ಇಡಬೇಕು ಅಂದುಕೊಂಡೆ, ಇಡಲಿಲ್ಲ. ಯಾಕೆ ಅಂತ ನನಗೇ ಗೊತ್ತಾಗಲಿಲ್ಲ. ಪರದೆ ಮುಚ್ಚಿಬಿಟ್ಟೆ.

ದನಿಗಳು ಬರತೊಡಗಿದವು. ಆಫೀಸಿನಲ್ಲಿ ಕನ್ನಡ ತಿಳಿಯುವವಳು ನಾನೊಬ್ಬಳೇ ಆದ್ದರಿಂದ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಎಲ್ಲವನ್ನೂ ಕೇಳಿ ಮರಾಠಿಯಲ್ಲಿ ಸಾರಾಂಶ ಬರೆಯುತ್ತಿದ್ದೆ. ಮೊದಮೊದಲು ಬಂದವು ಬರೀ ಅಳುಕಿನ ದನಿಗಳು. "ಎಲ್ಲಾ ಚಲೋ ಐತ್ರಿ, ಏನೂ ತೊಂದರಿ ಇಲ್ರಿ." ಮತ್ತೊಬ್ಬ: "ಹಲೋ. ಹಲೋ. ಯಾರು ಕೇಳಾಕತ್ತೀರಿ ಅಲ್ಲಿ? ಮೊದಲ ನೀವು ಯಾರು ಹೇಳ್ರಿ." ಇನ್ನೊಬ್ಬ ಏನೂ ಹೇಳದೆ ಬರೀ ಉಸಿರಾಡಿ ಇಟ್ಟುಬಿಟ್ಟಿದ್ದ.

ಆಮೇಲೆ ಒಂದು ವಾರ ಇದ್ದಕ್ಕಿದ್ದಂತೆ ದನಿಗಳ ಹೊಳೆಯೇ ಹರಿಯಿತು. ಎಲ್ಲ ಹೆಂಗಸರವು, ಎಲ್ಲ ಸಣ್ಣ ದನಿಯವು, ಹೇಳುವುದೂ ಒಂದೇ. "ಈ ಚಾಳ ಬ್ಯಾಡ. ಕೆಡವಿ ಹೊಸಾದು ಕಟ್ರಿ." "ಒಳಗ ಸಂಡಾಸ ಇರೋ ಮನಿ ಕೊಡ್ರಿ, ಎಷ್ಟ ಸಣ್ಣದಿದ್ರೂ ನಡೀತದ." "ಫ್ಲ್ಯಾಟ್ ಕೊಡ್ರಿ, ನಾವು ಹೋಗಾಕ ತಯಾರ ಇದ್ದೀವಿ."

ನನಗೆ ನಂಬಿಕೆ ಬರಲಿಲ್ಲ. ಅಂಗಳದಲ್ಲಿ ಯಾರನ್ನು ಕೇಳಿದರೂ ಚಾಳು ಬಿಡುವುದಿಲ್ಲ ಅನ್ನುತ್ತಿದ್ದರು. ಹಾಗಿದ್ದರೆ ಇವರು ಯಾರು? ಮತ್ತೆ ಮತ್ತೆ ಕೇಳಿದೆ. ಆಗ ಗಮನಕ್ಕೆ ಬಂತು, ಪ್ರತಿ ದನಿಯ ಹಿಂದೆಯೂ ಒಂದೇ ಸದ್ದು. ಖಟ್ ಖಟಾ ಖಟ್ ಖಟಾ. ಬಿಡುವಿಲ್ಲದ, ಕಬ್ಬಿಣದ, ನಾನು ಹುಟ್ಟಿದಾಗಿನಿಂದ ಬಲ್ಲ ಸದ್ದು. ಪವರ್‌ಲೂಮ್ ಮಗ್ಗ. ಬಂದ ಹೊತ್ತು ನೋಡಿದರೆ ಎಲ್ಲವೂ ಮಧ್ಯಾಹ್ನದವು. ಬೇರೆ ಬೇರೆ ಫೋನು, ಬೇರೆ ಬೇರೆ ದನಿ, ಆದರೆ ಎಲ್ಲರೂ ಮಾತಾಡಿದ್ದು ಒಂದೇ ಜಾಗದಲ್ಲಿ ನಿಂತು.

ಚಾಳಿನ ಹಿಂದಿನ ಗೋಡೆಗೆ ಹತ್ತಿಕೊಂಡು ಟಾವೆಲ್ ನೇಯುವ ಒಂದು ಶೆಡ್ ಇತ್ತು. ಅದರ ಮಾಲಕನಿಗೆ ಚಾಳಿನ ಜಾಗದ ಮೇಲೆ ಕಣ್ಣಿದೆ ಅನ್ನುವ ಮಾತು ಅಂಗಳದಲ್ಲಿ ಹಳೆಯದು. ನನ್ನ ತಲೆಯಲ್ಲಿ ಕತೆ ತಾನೇ ತಾನಾಗಿ ಜೋಡಣೆಯಾಯಿತು. ಕೂಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಫೋನು ಕೈಗೆ ಕೊಟ್ಟು, ಹೇಳಿಕೊಟ್ಟ ಮಾತು ಆಡಿಸುತ್ತಿದ್ದಾನೆ. ಜನರ ದನಿ ಜನರಿಗೇ ಮೋಸ ಮಾಡುವ ದಾರಿಯನ್ನು ನಾನೇ ತೆಗೆದುಕೊಟ್ಟೆ.

ಸರ್‌ಗೆ ಹೇಳುವ ಮೊದಲೇ ಅವರು ಸಾರಾಂಶಗಳನ್ನು ಸೇರಿಸಿ ಬಣ್ಣದ ಚಿತ್ರವೊಂದನ್ನು ಆ್ಯಪಿನಲ್ಲಿ ಹಾಕಿಬಿಟ್ಟಿದ್ದರು. ಹೆಚ್ಚಿನವರಿಗೆ ಚಾಳು ಕೆಡವುವುದೇ ಬೇಕು ಅನ್ನುವ ಹಾಗೆ ಅದರಲ್ಲಿ ಕಾಣುತ್ತಿತ್ತು. ಮರುದಿನವೇ ಚಾಳಿನ ಹಿರಿಯನೊಬ್ಬ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಆಫೀಸಿನ ಮೆಟ್ಟಿಲು ಹತ್ತಿದ. ಗಿರಣಿಯಲ್ಲಿ ದುಡಿದು ಮುದುಕನಾದ ಮನುಷ್ಯ, ಅಂಗಳದವರೆಲ್ಲ ಕಾಕಾ ಅನ್ನುತ್ತಾರೆ, ಕಾಲೇಜಿನ ದಿನಗಳಲ್ಲಿ ನಾನೂ ಹಾಗೇ ಕರೆದವಳು. ಅಂದು ಕಾಕಾ ಮೊದಲು ನನ್ನ ಕಡೆ ನೋಡಲಿಲ್ಲ. ಸರ್‌ಗೆ ಮರಾಠಿಯಲ್ಲಿ ಹೇಳಿ, ಕೊನೆಗೆ ಕನ್ನಡಕ್ಕೆ ಹೊರಳಿ ನನ್ನ ಕಡೆ ತಿರುಗಿದ.

"ಇದು ನಮ್ಮ ಮಂದಿ ದನಿ ಅಲ್ಲ. ಎಲ್ಲಾ ದನಿ ಅಂಗಳದಾಗ ಹಚ್ಚಿ ಕೇಳಸ್ರಿ. ಯಾವುದು ಯಾರದು ಅಂತ ನಾವು ಹೇಳ್ತೀವಿ. ನಮ್ಮದು ಅಲ್ಲದ್ದು ಬಂದ್ರ ಅಲ್ಲೇ ನಿಮ್ಮ ಆ್ಯಪ್ ಮುಚ್ಚಿ ಮನಿಗಿ ಹೋಗ್ರಿ."

ಸರ್‌ಗೆ ಈ ಮಾತು ಬಹಳ ಹಿಡಿಸಿತು. ಎಲ್ಲವನ್ನೂ ಎಲ್ಲರ ಎದುರಿಗೆ ಇಡುವುದು, ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಭಾನುವಾರ ಮುಂಜಾನೆ ಸ್ಪೀಕರ್ ತಂದು ಎಲ್ಲ ದನಿಗಳನ್ನು ಕೇಳಿಸುತ್ತೇವೆ ಅಂತ ಒಪ್ಪಿಬಿಟ್ಟರು. ನಾನೂ ಒಳಗೊಳಗೇ ಸಮಾಧಾನಪಟ್ಟೆ. ಸುಳ್ಳು ತಾನಾಗಿ ಬಯಲಾಗುತ್ತದೆ. ಆದರೂ ಅದಕ್ಕೆ ಮೊದಲು ಆ ಶೆಡ್ಡಿನ ಒಳಗೆ ಏನು ನಡೆಯುತ್ತಿದೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು.

ಗುರುತಿನ ಚೀಟಿಯನ್ನು ಚೀಲದಲ್ಲಿ ಹಾಕಿಕೊಂಡು, ಟಾವೆಲ್ ಕೊಳ್ಳುವವಳ ಹಾಗೆ ಮಧ್ಯಾಹ್ನ ಶೆಡ್ಡಿಗೆ ಹೋದೆ. ಮಾಲಕ ನಾನು ಅಂದುಕೊಂಡ ಹಾಗೆ ಇರಲಿಲ್ಲ. ಕೂದಲಲ್ಲೆಲ್ಲ ಹತ್ತಿಯ ಧೂಳು ಹತ್ತಿಸಿಕೊಂಡ ಸಣಕಲು ಮನುಷ್ಯ. ನಾನು ಟಾವೆಲ್ಲಿಗಿಂತ ಹೆಚ್ಚಾಗಿ ಮೂಲೆಗಳನ್ನು ನೋಡುವುದನ್ನು ಕಂಡು ಅವನಿಗೇ ಸಂಶಯ ಬಂತು.

"ತಾಯಿ, ನೀವು ಯಾವ ಆಫೀಸಿನವರು? ಬೆಂಕಿ ಆರಿಸೋ ಡಬ್ಬಿ ತರಸೀನ್ರಿ, ಅಲ್ಲಿ ಗ್ವಾಡಿಗೆ ಐತಿ ನೋಡ್ರಿ" ಅಂದ.

ನಾನು ಯಾವ ತಪಾಸಣೆಯವಳೂ ಅಲ್ಲ ಅಂತ ಹೇಳಿ, ಮಾತಿಗೆ ಮಾತು ಸೇರಿಸಿ ಹಿಂದಿನ ಚಾಳಿನ ಜಾಗದ ವಿಷಯ ತೆಗೆದೆ. ಕೈ ಮುಗಿದುಬಿಟ್ಟ. "ಪುಕ್ಕಟೆ ಕೊಟ್ರೂ ಬ್ಯಾಡ್ರಿ. ಇದ್ದ ಮಗ್ಗಾ ನಡಸೋದ ಸಾಕಾಗೈತಿ, ಮತ್ತ ಜಾಗಾ ತೊಗೊಂಡು ಏನ ಮಾಡ್ಲಿ?" ನಟನೆಯೋ ನಿಜವೋ ತಿಳಿಯಲಿಲ್ಲ. ಹಿಂದೆ ಟಾವೆಲ್ಲಿನ ಅಂಚು ಹೊಲಿದು ಮಡಚಿ ಘಡಿ ಹಾಕುವ ಹೆಂಗಸರು ಇದ್ದಾರೆ, ಬೇಕಾದರೆ ಅಲ್ಲಿಯೇ ಆರಿಸಿಕೊಳ್ಳಿರಿ ಅಂದ.

ಮಗ್ಗಗಳ ನಡುವಿನ ಸಂದಿಯಲ್ಲಿ ನಡೆದು ಹಿಂದಿನ ತಗಡಿನ ಮಾಡಿನ ಕೆಳಗೆ ಹೋದೆ. ಊಟದ ಹೊತ್ತು. ಹೆಂಗಸರು ಬುತ್ತಿ ಬಿಚ್ಚಿಕೊಂಡು ದುಂಡಗೆ ಕುಳಿತಿದ್ದರು. ಗೋಡೆಯ ಕಡೆ ಮುಖ ಮಾಡಿ ಒಬ್ಬಳು ನಿಂತಿದ್ದಳು. ತಲೆಯ ಮೇಲಿನ ಸೆರಗನ್ನು ಮುಖದ ಮುಂದಕ್ಕೆ ಎಳೆದುಕೊಂಡು, ಅದರೊಳಗೆ ಫೋನು ಹಿಡಿದು ಮಾತಾಡುತ್ತಿದ್ದಳು. ಉಳಿದವರಲ್ಲಿ ಒಬ್ಬಳು ನನ್ನನ್ನು ಕಂಡು ಅವಳ ಸೆರಗು ಜಗ್ಗಿದಳು. ಅವಳು ತಿರುಗಿದಳು.

ಚಿಗವ್ವನ ಸೊಸೆ.

ಕೈಯಲ್ಲಿದ್ದ ಫೋನು ಹಿಂದಕ್ಕೆ ಹೋಯಿತು. ನಾನು ಇನ್ನೂ ನನ್ನ ಕತೆಯಲ್ಲೇ ಇದ್ದೆ. ಹತ್ತಿರ ಹೋಗಿ ಕಿವಿಗೆ ಬಾಗಿ ಕೇಳಿದೆ: "ತಂಗೀ, ಹೀಂಗ ಹೇಳ್ರಿ ಅಂತ ಯಾರು ಹೇಳಿಕೊಟ್ರು ನಿಮಗ?"

ಅವಳ ಮುಖದಲ್ಲಿದ್ದ ಹೆದರಿಕೆ ಹೋಗಿ ಬೇರೆ ಏನೋ ಬಂತು. "ನಮಗ ಇದನ್ನ ಹೇಳಿಕೊಡಬೇಕೇನ್ರಿ ಅಕ್ಕಾರ?" ಅಂದಳು.

ಅವರ ನಡುವೆಯೇ ಕುಳಿತುಕೊಂಡೆ. ಯಾರೋ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೈಗೆ ಕೊಟ್ಟರು. ಮಗ್ಗದ ಸದ್ದಿನಲ್ಲಿ ಒಬ್ಬರ ಕಿವಿಗೆ ಇನ್ನೊಬ್ಬರು ಬಾಗಿ ಮಾತಾಡಬೇಕಿತ್ತು. ಅದಕ್ಕೇ ಅವರು ಆ ಜಾಗ ಆರಿಸಿದ್ದು.

"ಮನ್ಯಾಗ ಮಾತಾಡಾಕ ಜಾಗಾ ಎಲ್ಲಿ ಅದ?" ಅಂದಳು. ಅವಳು ಆಳಂದದ ಕಡೆಯವಳು. ನಾವು ಐತಿ ಅನ್ನುವಲ್ಲಿ ಅವಳದು ಅದ. "ಇರೋದು ಒಂದ ಖೋಲಿ. ಅತ್ತಿ ಬಾಗಲದಾಗ ಕುಂತಿರ್ತಾರ. ಅಂಗಳಕ್ಕ ಬಂದ್ರ ಕಾಕಾನ ಮಂದಿ. ಚಾಳ ಬ್ಯಾಡ ಅಂತ ಅಲ್ಲಿ ಅಂದ್ರ ಮುಗೀತು, ಮನಿ ಮುರ್ಯಾಕ ಬಂದಾಳ ಅಂತಾರ."

ಆಮೇಲೆ ಒಬ್ಬೊಬ್ಬರೇ ಹೇಳಿದರು. ಸಂಡಾಸಿನ ಸಾಲಿಗೆ ಹೋಗಬೇಕೆಂದರೆ ಅಂಗಳವನ್ನು ಪೂರಾ ದಾಟಬೇಕು. ಬೇವಿನ ಮರದ ಕಟ್ಟೆಯ ಮೇಲೆ ಗಂಡಸರು ಕುಳಿತಿರುತ್ತಾರೆ. ಬಾಗಿಲಿಗೆ ಕೊಂಡಿ ಇಲ್ಲ, ಒಳಗೆ ಕುಳಿತವಳು ಒಂದು ಕೈಯಿಂದ ಬಾಗಿಲು ಹಿಡಿದಿರಬೇಕು. ಬಸುರಿಯಾದಾಗ, ಮುಟ್ಟಾದಾಗ, ಹೊಟ್ಟೆ ಕೆಟ್ಟಾಗ ಏನು ಮಾಡಬೇಕು ಅಂತ ಯಾರೂ ಕೇಳಿಲ್ಲ. ಈ ಶೆಡ್ಡಿನ ಕೆಲಸಕ್ಕೆ ಬರುವುದೂ ಅರ್ಧ ಅದಕ್ಕೇ, ಇಲ್ಲಿಯ ಸಂಡಾಸಕ್ಕೆ ಗಟ್ಟಿ ಬಾಗಿಲಿದೆ ಅಂದಳು ಒಬ್ಬಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನನಗೆ ಆಗ ನೆನಪಾಯಿತು. ಆ ಚಾಳಿನಲ್ಲಿದ್ದಷ್ಟು ದಿನ ಮನೆಯಲ್ಲಿ ನಾನು ನೀರೇ ಕುಡಿಯುತ್ತಿರಲಿಲ್ಲ. ಕಾಲೇಜು ತಲುಪಿದ ಮೇಲೆ ಕುಡಿಯುತ್ತಿದ್ದೆ. ಚಾಳು ಅಂದರೆ ನನ್ನ ನೆನಪಿನಲ್ಲಿ ಅಂಗಳದಲ್ಲಿ ಒಣಗುವ ಹಪ್ಪಳ, ಮರದ ನೆರಳು, ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗುವುದು. ಇದೊಂದು ಮಾತ್ರ ಹೇಗೋ ಜಾರಿಹೋಗಿತ್ತು.

ಹೊರಡುವಾಗ ಸೊಸೆ ಕೈ ಹಿಡಿದಳು. "ಅತ್ತಿಗಿ ಹೇಳಬ್ಯಾಡ್ರಿ."

ಶೆಡ್ಡಿನಿಂದ ಹೊರಗೆ ಬಂದಾಗಲೇ ಭಾನುವಾರದ ಭಯ ಹತ್ತಿದ್ದು. ಚಾಳಿನಲ್ಲಿ ಗೋಡೆಯ ಆಚೆ ಯಾರು ಕೆಮ್ಮಿದರು ಅಂತ ಹೆಸರು ಹಿಡಿದು ಹೇಳುತ್ತಾರೆ. ಸ್ಪೀಕರಿನಲ್ಲಿ ಅವಳ ಒಂದು ಮಾತು ಬಿದ್ದರೆ ಸಾಕು.

ನೇರ ಸರ್ ಹತ್ತಿರ ಹೋದೆ. ದನಿಗಳು ನಿಜವಾದವು, ಆದರೆ ಅವನ್ನು ಕೇಳಿಸಬಾರದು ಅಂದೆ. ಯಾರು, ಎಲ್ಲಿ ಅಂತ ಮಾತ್ರ ಹೇಳಲಿಲ್ಲ. ಅಷ್ಟು ದಿನದಲ್ಲಿ ಅವರ ಕಣ್ಣಲ್ಲಿ ನನ್ನ ಬಗ್ಗೆ ಸಂಶಯ ಕಂಡದ್ದು ಅದೇ ಮೊದಲು.

"ಕೇಳಿಸದಿದ್ದರೆ ಏನೋ ಮುಚ್ಚಿಡುತ್ತಿದ್ದೇವೆ ಅಂತಾರೆ. ಅವರು ಹಾಗೆ ಅನ್ನೋದು ತಪ್ಪೂ ಅಲ್ಲ. ಹೋಗಲಿ, ನೀವು ಹೇಳಿದ್ದನ್ನು ನಾನಾದರೂ ಯಾಕೆ ನಂಬಲಿ? ಕನ್ನಡ ಗೊತ್ತಿರೋದು ನಿಮಗೊಬ್ಬರಿಗೆ. ನಿಮ್ಮ ಚಿಕ್ಕಮ್ಮನ ಮನೆ ಅಲ್ಲೇ ಇದೆ."

ಸಿಟ್ಟು ಬಂತು. ಬಂದ ಸಿಟ್ಟು ನಿಲ್ಲಲಿಲ್ಲ, ಯಾಕೆಂದರೆ ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಕೇಳುತ್ತಿದ್ದೆ. ಕೊನೆಗೆ ಒಂದು ದಾರಿ ಒಪ್ಪಿಕೊಂಡೆವು. ದನಿಗಳನ್ನು ಕೇಳಿಸುವುದಿಲ್ಲ. ಅವುಗಳಲ್ಲಿದ್ದ ಮಾತುಗಳನ್ನೆಲ್ಲ ಅಂಗಳದಲ್ಲಿ ನಾನು ನನ್ನ ಬಾಯಿಂದ ಹೇಳುತ್ತೇನೆ. ಅದಕ್ಕೆ ಮೊದಲು ಆ ಚಾಳಿಗೂ ನಮ್ಮ ಕಂಪನಿಗೂ ಸಂಬಂಧವಿಲ್ಲದ, ಕನ್ನಡ ಬಲ್ಲ ಒಬ್ಬರು ಎಲ್ಲವನ್ನೂ ಕೇಳಿ, ನಾನು ಬರೆದುಕೊಂಡದ್ದು ಸರಿ ಅನ್ನಬೇಕು.

ಅಂಥವರು ನನಗೆ ಗೊತ್ತಿದ್ದದ್ದು ಒಬ್ಬರೇ, ಮೈಂದರ್ಗಿಯಲ್ಲಿ ನನಗೆ ಅಕ್ಷರ ಕಲಿಸಿದ ಟೀಚರು; ಸಾಲೆಯಲ್ಲಿ ಎಲ್ಲರೂ ಅವರನ್ನು ಬಾಯಿ ಅನ್ನುತ್ತಿದ್ದೆವು. ಈಗ ನಿವೃತ್ತಿಯಾಗಿ ಅಕ್ಕಲಕೋಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಶನಿವಾರ ಅವರ ಪಡಸಾಲೆಯಲ್ಲಿ ಹೆಡ್‌ಫೋನು ಕಿವಿಗಿಟ್ಟು ಕೂರಿಸಿದೆ. ಒಂದಾದ ಮೇಲೊಂದು ಕೇಳುತ್ತಾ ಹೋದರು. ನಡುವೆ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಬರೆದದ್ದನ್ನು ನೋಡಿ ಮಾತ್ರ ಹಳೆಯ ಮೇಷ್ಟ್ರಾಗಿಬಿಟ್ಟರು.

"ಇದೇನು, ಸುಧಾರಿಸಿ ಬರದೀಯಲ್ಲ? 'ಮಹಿಳೆಯರಿಗೆ ಅನಾನುಕೂಲವಾಗುತ್ತಿದೆ' ಅಂತ ಇದರಾಗ ಯಾರು ಅಂದಾರ? ಅವರು ಹ್ಯಾಂಗ ಅಂದಾರೋ ಹಂಗ ಬರಿ, ಹಂಗ ಅನ್ನು. ಒಂದು ಅಕ್ಷರ ಹೆಚ್ಚುಕಡಿಮಿ ಆಗಬಾರದು."

ಹಾಗೆಯೇ ಮತ್ತೆ ಬರೆದೆ.

ಭಾನುವಾರ ಅಂಗಳ ತುಂಬಿತ್ತು. ಗಂಡಸರು ಕಟ್ಟೆಯ ಮೇಲೆ, ವಯಸ್ಸಾದ ಹೆಂಗಸರು ಅವರ ಎದುರಿಗೆ, ಸೊಸೆಯಂದಿರು ಹಿಂದೆ ಬಾಗಿಲುಗಳಲ್ಲಿ. ಸ್ಪೀಕರು ಕಾಣದಿದ್ದಾಗಲೇ ಗುಸುಗುಸು ಎದ್ದಿತು. ಸರ್ ಎದ್ದು ನಿಂತು, ಗುಂಡಿ ಒತ್ತಿ ಮಾತಾಡಿದವರಿಗೆ ಹೆಸರು ಹೊರಬೀಳುವುದಿಲ್ಲ ಅಂತ ನಾವು ಮಾತು ಕೊಟ್ಟಿದ್ದೇವೆ, ದನಿಯೂ ಒಂದು ಹೆಸರೇ, ಅದಕ್ಕೆ ಕೇಳಿಸುವುದಿಲ್ಲ ಅಂತ ಮರಾಠಿಯಲ್ಲಿ ಹೇಳಿದರು. ಅವರು ಅಷ್ಟು ಚೆನ್ನಾಗಿ ಹೇಳುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಕಾಕಾ ಮಾತ್ರ "ಗೊತ್ತಿತ್ತು ನನಗ" ಅಂತ ಟಾವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ನಾನು ಹೇಳತೊಡಗಿದೆ. ಚಾಳು ಬೇಕು ಅಂದವರದನ್ನೂ ಹೇಳಿದೆ, ಬೇಡ ಅಂದವರದನ್ನೂ ಹೇಳಿದೆ. "ಯಾರು ನೀವು ಅಂತ ಮೊದಲ ಹೇಳ್ರಿ" ಅಂದವನ ಮಾತು ಹೇಳಿದಾಗ ಜನ ನಕ್ಕರು. ಆಮೇಲೆ ಸಂಡಾಸಿನ ಮಾತುಗಳು ಬಂದವು. "ಬಾಗಲಾ ಹಿಡದು ಹಿಡದು ಕೈ ಸೋತಾವ." "ನೀರು ಕುಡೀಲಾರದ ಕಾಲಾ ಕಳ್ಯಾಕತ್ತೀನಿ." "ಕಟ್ಟಿ ಮ್ಯಾಲ ಕುಂತವರು ಎದ್ದು ಹೋಗಲಿ ಅಂತ ಹಾದಿ ಕಾಯೋದು. ಅಲ್ಲಿ ಹೋಗೂದಂದ್ರ ನನ್ನ ನೆರಳಿಗೂ ನಾಚಿಕಿ ಬರ್ತದ." ಕಟ್ಟೆಯ ಮೇಲಿದ್ದ ಒಬ್ಬ ಗಂಡಸು ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದ.

ಆಗ ಚಿಗವ್ವ ಎದ್ದಳು.

"ಸಾಕು ಮಾಡು! ಎಲ್ಲಾ ನೀನೇ ಹುಟ್ಟಿಸಿ ಹೇಳಾಕತ್ತಿ. ಈ ಚಾಳಿನ ಯಾವ ಹೆಣ್ಮಗಳೂ ಹಿಂಗ ಮಂದ್ಯಾಗ ಅನ್ನಂಗಿಲ್ಲ. ನನ್ನ ಮನ್ಯಾಗ ಉಂಡು ಬೆಳದಾಕಿ ನೀನು, ನನ್ನ ಮನಿ ಮಾತು ತಂದು ಊರ ಮುಂದ ಚೆಲ್ಲಾಕತ್ತಿ. ನಿನಗ ಇದನ್ನೆಲ್ಲಾ ಯಾರು ಕಲಿಸ್ಯಾರ?"

ಅವಳ ದನಿ ಇಷ್ಟು ದೊಡ್ಡದಾಗಿ ನನ್ನ ಮೇಲೆ ಬಿದ್ದದ್ದು ಅದಕ್ಕೆ ಮೊದಲು ಎಂದೂ ಇಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಂದವು. ನಿಜ ಹೇಳಿದರೆ ಸೊಸೆ ಸಿಕ್ಕಿಬೀಳುತ್ತಾಳೆ, ಹೇಳದಿದ್ದರೆ ಸುಳ್ಳುಬುರುಕಿ ನಾನು. "ನೋಡ್ರಿ, ಉತ್ತರ ಇಲ್ಲ" ಅಂದ ಕಾಕಾ.

ಹಿಂದಿನ ಬಾಗಿಲುಗಳಿಂದ ಒಂದು ದನಿ ಬಂತು. ಚಿಗವ್ವನ ಸೊಸೆಯದಲ್ಲ, ಎದುರು ಸಾಲಿನ ಒಬ್ಬ ತೆಲುಗು ಮನೆಯ ಹೆಂಗಸಿನದು. ಮರಾಠಿಯಲ್ಲಿ, ಯಾರ ಕಡೆಯೂ ನೋಡದೆ ಕೇಳಿದಳು: "ಯಾರು ಹೇಳಿದರೋ ಬಿಡಿ. ಬಾಗಿಲಿಗೆ ಕೊಂಡಿ ಇಲ್ಲ ಅನ್ನೋದು ಸುಳ್ಳಾ?"

ಪಕ್ಕದ ಬಾಗಿಲವಳು "ಅಲ್ಲ" ಅಂದಳು. ಅದರ ಪಕ್ಕದವಳೂ. ದೊಡ್ಡ ದನಿಯಲ್ಲೇನೂ ಅಲ್ಲ, ಆದರೆ ಬಾಗಿಲಿಂದ ಬಾಗಿಲಿಗೆ ಆ ಮಾತು ಸಾಲಿನ ತುದಿಯವರೆಗೆ ಹೋಯಿತು. ಕೊನೆಗೆ ಕಾಕಾ, ಸಂಡಾಸಿನ ಮಾತು ಬೇರೆ, ಚಾಳು ಕೆಡವುವ ಮಾತು ಬೇರೆ, ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಿದವರು ಯಾರು ಅಂತ ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಸರ್ ತಪ್ಪು ಒಪ್ಪಿಕೊಂಡು ಆ ಚಿತ್ರವನ್ನು ಅಲ್ಲೇ ತೆಗೆದರು.

ಅಲ್ಲಿಂದ ಮುಂದಿನದು ನಿಧಾನದ ಕೆಲಸ. ಆ್ಯಪನ್ನು ಬದಲಿಸಿದೆವು. ಬಂದ ದನಿಯನ್ನು ಆ ಭಾಷೆ ಬಲ್ಲ ಇಬ್ಬರು ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡ ಮೇಲೆ ಅದು ಅಳಿಸಿಹೋಗುತ್ತದೆ. ಹೇಳಿದ ಮಾತನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಮನೆ ತೋರಿಸಿ ಅನ್ನುವ ಪರದೆಯನ್ನು ಕಿತ್ತು ಹಾಕಿದೆ. ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿ ಬಂದ ದಿನ ಅರ್ಧಕ್ಕರ್ಧ ಮಾತುಗಳು ಮಾಯವಾದವು. ಸರ್ ತಲೆಗೆ ಕೈ ಹಚ್ಚಿಕೊಂಡು ಕುಳಿತರು. ಗುಂಡಿ ನಿಜವಾಗಿಯೂ ಕೆಲಸ ಮಾಡುತ್ತದೋ ಇಲ್ಲವೋ ಅಂತ ಜನ ಪರೀಕ್ಷೆ ಮಾಡಿದ್ದರು, ಅಷ್ಟೇ. ಎಷ್ಟೋ ಮಾತುಗಳು ಮೆಲ್ಲಗೆ ತಿರುಗಿ ಬಂದವು. ಕೆಲವು ಬರಲೇ ಇಲ್ಲ.

ಕೊನೆಗೆ ತೀರ್ಮಾನವಾದದ್ದು ಹೀಗೆ. ಚಾಳು ಸದ್ಯಕ್ಕೆ ಇರುತ್ತದೆ. ಅಂಗಳದ ಆಚೆಯ ಸಂಡಾಸಿನ ಸಾಲು ಹೋಗಿ, ಖೋಲಿಗಳ ಹಿಂದಿನ ಬೋಳು ಜಾಗದಲ್ಲಿ ಎರಡೆರಡು ಮನೆಗೆ ಒಂದರಂತೆ ಸಂಡಾಸ ಬರುತ್ತದೆ, ಬಾಗಿಲು ಮನೆಯ ಹಿತ್ತಲಿಗೆ ತೆರೆಯುವ ಹಾಗೆ. ಫ್ಲ್ಯಾಟಿನ ಮಾತು ಮುಗಿದಿಲ್ಲ, ಸೊಸೆಯಂದಿರು ಅದನ್ನು ಬಿಟ್ಟಿಲ್ಲ. ನೆಲ ಅಗೆಯಲು ಬಂದವರ ಮುಂದೆ ಕಾಕಾ ಖುರ್ಚಿ ಹಾಕಿಕೊಂಡು ದಿನವಿಡೀ ಕುಳಿತ. ಚರಂಡಿಗೆಂದು ಹೇಳಿ ರಸ್ತೆ ಅಗಲದಷ್ಟು ಅಗೆದಾರು ಅನ್ನುವ ಸಂಶಯ ಅವನದು. ಚರಂಡಿಯಷ್ಟೇ ಅಗೆದರು. ಆದರೂ ಖುರ್ಚಿ ಎತ್ತಲಿಲ್ಲ.

ಚಿಗವ್ವ ಬಹಳ ದಿನ ನನ್ನ ಕೂಡ ಮಾತಾಡಲಿಲ್ಲ. ನಾನೂ ಅವಳ ಬಾಗಿಲಿಗೆ ಹೋಗಲಿಲ್ಲ. ಒಂದು ದಿನ ಮಾತ್ರ ಎಸ್‌ಟಿಯಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಾಗ, ಅಂದು ಆಡಿದ ಮಾತುಗಳನ್ನು ಮನಸ್ಸಿನಲ್ಲೇ ಮತ್ತೆ ಆಡಿಕೊಂಡೆ. 'ನಾಚಿಕಿ ಬರ್ತದ' ಅಂದಿದ್ದೆ. ಬರ್ತೈತಿ ಅನ್ನಲಿಲ್ಲ. ಬಾಯಿಯವರು ಹೇಳಿದಂತೆ ಒಂದು ಅಕ್ಷರವನ್ನೂ ಬದಲಿಸದೆ, ಆಳಂದದ ಹೆಣ್ಣಿನ ಮಾತನ್ನು ಆಳಂದದ ಬಾಯಿಯಲ್ಲೇ ಹೇಳಿದ್ದೆ. ಅದಾದ ಕೂಡಲೇ ಚಿಗವ್ವ ಎದ್ದಿದ್ದಳು. ಎಲ್ಲರ ಕಣ್ಣನ್ನೂ ನನ್ನ ಮೇಲೆ ತಿರುಗಿಸಿದ್ದಳು. ಅಂಗಳದಲ್ಲಿ ಆ ಕಡೆಯ ಬೇರೆ ಸೊಸೆಯಂದಿರೂ ಇದ್ದಾರೆ, ಇಲ್ಲವೆಂದಲ್ಲ. ಆದರೂ ಸೊಸೆಯನ್ನು ಮರೆಮಾಡಲೆಂದೇ ಎದ್ದಳೇನೋ ಅಂತ ಒಮ್ಮೆ ಹೊಕ್ಕ ಸಂಶಯ ಹೊರಗೆ ಹೋಗಲಿಲ್ಲ.

ದೀಪಾವಳಿಯ ಫರಾಳದ ತಿಂಡಿ ಕೊಡುವ ನೆಪ ಮಾಡಿಕೊಂಡು ಹೋದೆ. ಹಿತ್ತಲ ಬಾಗಿಲು ತೆರೆದಿತ್ತು, ಹೊಸ ಸುಣ್ಣದ ವಾಸನೆ ಒಳಗೆ ಬರುತ್ತಿತ್ತು. ಸೊಸೆ ಶೆಡ್ಡಿಗೆ ಹೋಗಿದ್ದಳು. ಚಿಗವ್ವ ಚಹಾ ಮಾಡಿ ಕೊಟ್ಟು ಬೀಡಿಯ ಮೊರ ಮುಂದಿಟ್ಟುಕೊಂಡಳು.

"ಈಗ ಯಾರ ಮನಿ ಕೇಳಾಕ ಹೊಂಟಿ?"

"ಮಂಗಳವೇಢೆ ಕಡಿ ಚಿಗವ್ವಾ. ಹಳೀ ಪ್ಯಾಟಿ ಐತಲ್ಲ, ಅಲ್ಲಿ."

"ಅವರೂ ನಿನ್ನ ನಂಬಂಗಿಲ್ಲ ತಗೋ. ನಂಬಲೂಬಾರದು."

ಚಹಾ ಮುಗಿಸಿ ಕೇಳಿಯೇಬಿಟ್ಟೆ. "ಅವತ್ತ ಅಂಗಳದಾಗ ನಾ ಹೇಳಾಕತ್ತಿದ್ದು ಯಾರ ಮಾತು ಅಂತ ನಿನಗ ಗೊತ್ತಾಗಿತ್ತೇನು?"

ಕತ್ತರಿ ಎಲೆಯ ಮೇಲೆ ನಡೆಯುತ್ತಲೇ ಇತ್ತು. "ನನಗೇನ ಗೊತ್ತವ್ವಾ. ಈಚೀಚಿಗೆ ಕಿವೀನೂ ಸರಿಯಾಗಿ ಕೇಳಂಗಿಲ್ಲ" ಅಂದಳು.

ಇನ್ನೇನೋ ಕೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಲೆ ಎತ್ತಿ ಒಂದು ಕ್ಷಣ ಕಿವಿಗೊಟ್ಟು, ಮೊರವನ್ನು ಬದಿಗೆ ಸರಿಸಿ, ಕೊಡ ಎತ್ತಿಕೊಂಡು ಎದ್ದಳು. ಹಿಂದಿನ ಓಣಿಯ ನಳಕ್ಕೆ ನೀರು ಬಂದಿತ್ತು. ನನಗೆ ಏನೂ ಕೇಳಿಸಿರಲಿಲ್ಲ.